ಕಟ್ಟೆ ಒಡೆಯುತ್ತಿದ್ದ ಕಾಲ

ಶ್ರಾವಣದ ಅಮಾಸೆ ರಾತ್ರಿ ಅಪ್ಪ ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ನಿಂತಲ್ಲೇ ಒಂದು ಚರಿಗೆ ಗಂಜಿ ಕುಡಿದು, ಕಂಬಳಿ ಕೊಪ್ಪೆ ಹೊದ್ದು, ಕಂದೀಲು ಹಿಡಿದು ಕಟ್ಟೆಗೆ ಹೊರಡುತ್ತಿದ್ದ. ಅಮಾಸೆ, ಹುಣ್ಣಿಮೆಗೆ ನಮ್ಮ ಕಡೆ ಕಡಲಿನ ಭರತ ಏರುವುದು ನಡುರಾತ್ರಿಯ ಹೊತ್ತಿಗೆ. ಮೇಲಿನಿಂದ ಘಟ್ಟದ ಮಳೆಯ ನೀರು, ಕೆಳಗಿನಿಂದ ಸಮುದ್ರದ ನೀರು, ಎರಡೂ ಅಘನಾಶಿನಿಯ ಬಾಯಲ್ಲಿ ಎದುರಾಬದುರಾಗಿ ನಿಂತುಬಿಡುವ ಹೊತ್ತು ಅದು. ಆಗ ನಮ್ಮ ಗದ್ದೆಗೂ ಹೊಳೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಕಟ್ಟೆ ಮಾತ್ರ.

ಒಮ್ಮೆ ಹಟ ಮಾಡಿ ನಾನೂ ಹೋಗಿದ್ದೆ. ಏಳೋ ಎಂಟೋ ವರ್ಷ. ಅಪ್ಪ ನೀರನ್ನು ನೋಡಲೇ ಇಲ್ಲ. ಕಟ್ಟೆಯ ಒಳಮೈಯಲ್ಲಿ ಬಗ್ಗಿ ಬಗ್ಗಿ ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು ಕಿವಿಗೊಡುತ್ತಿದ್ದ. ಒಂದು ಕಡೆ ನಿಂತವನು ಕಂದೀಲು ನನ್ನ ಕೈಗೆ ಕೊಟ್ಟು, ಮಂಡಿಯೂರಿ, ಹುಲ್ಲು ಸರಿಸಿ, ಕಟ್ಟೆಯೊಳಗೆ ಭುಜದವರೆಗೂ ಕೈ ಹಾಕಿದ. ಏಡಿಯ ಬಿಲ. ಹೊಳೆಯ ಕಡೆಯಿಂದ ಒಂದು ಏಡಿ, ಗದ್ದೆಯ ಕಡೆಯಿಂದ ಇನ್ನೊಂದು ಕೊರೆಯುತ್ತ ಬಂದು, ಎರಡು ಬಿಲ ನಡುವೆ ಕೂಡಿದರೆ ಸಾಕು. ದಾರದಷ್ಟು ನೀರು ಸಣ್ಣಗೆ ಸುಂಯ್ ಎನ್ನುತ್ತ ಒಳಗೆ ಬರುತ್ತದೆ. ಆಗ ಒಂದು ಬುಟ್ಟಿ ಜೇಡಿಮಣ್ಣು ಒತ್ತಿದರೆ ಮುಗಿಯಿತು. ಒಂದು ತಾಸು ಬಿಟ್ಟರೆ ಗಾಡಿ ಮಣ್ಣು ಸುರಿದರೂ ನಿಲ್ಲುವುದಿಲ್ಲ, ಬೆಳಗಾಗುವುದರೊಳಗೆ ಊರಿನ ಅಷ್ಟೂ ಗದ್ದೆಗೆ ಉಪ್ಪು ನೀರು. ಅಪ್ಪ ಬಿಲಕ್ಕೆ ಮಣ್ಣು ತುರುಕಿ, ಮೇಲೆ ಹುಲ್ಲುಗಟ್ಟಿದ ಹೆಂಟೆ ಇಟ್ಟು ತುಳಿದ. ಆಮೇಲೆ ಕಿವಿ ಇಟ್ಟು ಕೇಳಿದ. ನನ್ನನ್ನೂ ಕೇಳು ಎಂದ. ನನಗೆ ಕಪ್ಪೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. "ಹಂಗಾರೆ ಸಮ ಆತು" ಅಂದ.

ಈ ಗದ್ದೆಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ, ಮಾಸೂರು, ಲುಕ್ಕೇರಿ, ಹೆಗಡೆ, ದೀವಗಿ, ಆಚೆ ದಡದ ಹಿರೇಗುತ್ತಿ, ಬರ್ಗಿ, ತೊರ್ಕೆ, ಹೀಗೆ ಅಘನಾಶಿನಿಯ ಎರಡೂ ಕಡೆ ಹಿನ್ನೀರಿಗೆ ತಾಗಿದ ತಗ್ಗು ನೆಲವೆಲ್ಲ ಗಜನಿಯೇ. ಹೊಳೆ ಹುಟ್ಟುವುದು ಶಿರಸಿಯ ಶಂಕರ ಹೊಂಡದಲ್ಲಿ, ಮಂಜುಗುಣಿಯಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಕಾಡು ಸವರಿಕೊಂಡು ಬಂದು, ತದಡಿಗೂ ಅಘನಾಶಿನಿ ಎಂಬ ಊರಿಗೂ ನಡುವೆ ಕಡಲು ಸೇರುತ್ತದೆ. ಉದ್ದಕ್ಕೂ ಎಲ್ಲಿಯೂ ಅಣೆಕಟ್ಟಿಲ್ಲ. ಈ ಮಾತನ್ನು ಹೇಳುವಾಗ ನಮ್ಮವರ ದನಿ ಸ್ವಲ್ಪ ಏರುತ್ತದೆ, ನನ್ನದೂ. ಕಡಲು ಸೇರುವ ಮೊದಲು ಹೊಳೆ ಅಗಲವಾಗಿ ಕಾಲು ಚಾಚಿ ಮಲಗುತ್ತದೆ. ನಡುನಡುವೆ ಕುರ್ವೆಗಳು, ಕಾಂಡ್ಲಾ ಕಾಡು, ಇಳಿತಕ್ಕೆ ಮೈದೋರುವ ಕೆಸರು ಬಯಲು. ಆ ಚಾಚಿದ ಕಾಲಿನ ಅಂಚಿನಲ್ಲಿ ಗಜನಿ. ಆರು ತಿಂಗಳು ಗದ್ದೆ, ಆರು ತಿಂಗಳು ಹೊಳೆ.

ನಾನು ಕನ್ನಡ ಕಲಿಸಿದವಳು, ಅದೂ ಘಟ್ಟದ ಮೇಲೆ, ಇಪ್ಪತ್ತಾರು ವರ್ಷ. ಹಾವೇರಿ ಕಡೆಯ ಮಕ್ಕಳಿಗೆ ಪಾಠ ಹೇಳುವಾಗ ಕಗ್ಗ ಎಂದರೆ ಡಿ.ವಿ.ಜಿ.ಯವರದ್ದೊಂದೇ, 1943ರದ್ದು. ಒಮ್ಮೆ ಬಾಯಿ ತಪ್ಪಿ, ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತು ಕಗ್ಗವೇ ಎಂದುಬಿಟ್ಟೆ. ಎಷ್ಟು ಓದಿಕೊಂಡ ಮನೆತನ ಎಂದು ಹುಡುಗರು ಬೆರಗಾದರು. ನಮ್ಮ ಕಗ್ಗ ಮಡಕೆಯಲ್ಲಿ ಬೇಯುವಂಥದ್ದು. ಉಪ್ಪು ನೆಲದ ಭತ್ತ. ಕರಿ ಕಗ್ಗ, ಬಿಳಿ ಕಗ್ಗ ಎಂದು ಎರಡು ಬಗೆ. ಹೆಸರು ಏನೇ ಇರಲಿ, ಒಳಗೆ ಅಕ್ಕಿ ಕೆಂಪೇ.

ಅದರ ಬೇಸಾಯ ಹೇಳಿದರೆ ಬಯಲುಸೀಮೆಯ ರೈತ ನಂಬಲಿಕ್ಕಿಲ್ಲ. ಮುಂಗಾರು ಬಿದ್ದ ಮೇಲೆ ಮೊದಲ ಕೆಲಸ ನೆಲ ತೊಳೆಯುವುದು. ಬೇಸಿಗೆಯೆಲ್ಲ ಉಪ್ಪು ಕುಡಿದ ಮಣ್ಣು. ಮಳೆ ನೀರು ತುಂಬಿಸಿ, ಇಳಿತದ ಹೊತ್ತಿಗೆ ಕಟ್ಟೆಯ ಬಾಗಿಲು ತೆರೆದು ಹೊರಗೆ ಬಿಡಬೇಕು, ಭರತ ಬರುವ ಮೊದಲು ಮುಚ್ಚಬೇಕು. ಹೀಗೆ ಎಷ್ಟೋ ಸಲ. ಸಾಕಾಯಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ಅಪ್ಪ ಗದ್ದೆಯ ನೀರನ್ನು ಅಂಗೈಯಲ್ಲಿ ಎತ್ತಿ ನಾಲಿಗೆಗೆ ತಾಗಿಸುತ್ತಿದ್ದ. ಆಮೇಲೆ ಭತ್ತದ ಮುಡಿ ಬಿಚ್ಚಿ, ನೆನೆಸಿ, ಮೊಳಕೆ ಬರಿಸಿದ ಬೀಜ ಎರಚುವುದು. ನೆಟ್ಟಿ ಇಲ್ಲ. ಗೊಬ್ಬರವೂ ಇಲ್ಲ, ಹೊಳೆ ತಂದು ಹಾಕಿದ ಕೆಸರೇ ಗೊಬ್ಬರ. ನೆರೆ ಬಂದು ಎಂಟು ದಿನ ಮುಳುಗಿದರೂ ಕಗ್ಗ ಉಸಿರು ಹಿಡಿದುಕೊಂಡಿರುತ್ತದೆ. ನೀರು ಇಳಿದ ಮೇಲೆ ಏನೂ ಆಗದವರಂತೆ ತಲೆ ಎತ್ತುತ್ತದೆ. ಎದೆಯೆತ್ತರ ಬೆಳೆಯುವ ಪೈರು. ಕಾಳಿಗೆ ಉದ್ದ ಮೀಸೆ. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲು. ಇನ್ನೂ ನೀರು ನಿಂತಿರುತ್ತದಾದ್ದರಿಂದ ತೆನೆ ಮಾತ್ರ ಕೊಯ್ದು ಪಾತಿ ದೋಣಿಗೆ ಹಾಕಿಕೊಂಡು ಬರುತ್ತಿದ್ದರು. ಆ ಮೀಸೆ ಚುಚ್ಚಿ ಕೊಯ್ಲಿನ ಹೆಂಗಸರ ಕುತ್ತಿಗೆ, ಮೊಣಕೈ ಎಲ್ಲ ಕೆಂಪು. ಅವ್ವ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಕಗ್ಗವನ್ನು ಬಯ್ಯುತ್ತಿದ್ದಳು. ಮರುದಿನ ಅದರದ್ದೇ ಗಂಜಿ, ಒಣ ಶೆಟ್ಲಿ (ಸಿಗಡಿ) ಚಟ್ನಿ. ಕಗ್ಗದ ಗಂಜಿ ಉಂಡು ಹೋದವನಿಗೆ ಮಧ್ಯಾಹ್ನ ತಿರುಗುವವರೆಗೆ ಹಸಿವೆಂಬುದಿಲ್ಲ. ಮದುವೆ ಊಟಕ್ಕೆ ಮಾತ್ರ ಅದನ್ನು ಬಡಿಸುತ್ತಿರಲಿಲ್ಲ, ಮರ್ಯಾದೆಗೆ ಕಡಿಮೆ ಎಂದು. ಈಗ ಪೇಟೆಯವರು ಕೆಂಪಕ್ಕಿ ಎಂದು ದುಪ್ಪಟ್ಟು ಕೊಟ್ಟು ಕೇಳುತ್ತಾರೆ.

ಒಂದು ಸಂಗತಿ ನನಗೆ ದೊಡ್ಡವಳಾದ ಮೇಲೆ ಹೊಳೆಯಿತು. ನಮ್ಮ ಗಜನಿಯಲ್ಲಿ ನನ್ನದು ನಿನ್ನದು ಎಂದು ತೋರಿಸುವ ಹಾಳಿ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಗೂಟ, ಅಷ್ಟೇ. ನಮ್ಮ ಪಾಲಿನಲ್ಲಿ ಎರಚಿದ ಬೀಜ ನೀರಿಗೆ ತೇಲಿ ಪಕ್ಕದವರ ಪಾಲಿನಲ್ಲಿ ಹುಟ್ಟಬಹುದು, ಅವರದ್ದು ನಮ್ಮಲ್ಲಿ. ಹಾಗಾಗಿ ಬಿತ್ತನೆ ಎಲ್ಲರದ್ದೂ ಒಂದೇ ದಿನ, ಕೊಯ್ಲೂ ಕೂಡಿಯೇ. ಬಾಗಿಲು ತೆರೆಯುವುದು ಮುಚ್ಚುವುದೂ ಒಬ್ಬನ ಇಷ್ಟದ ಮಾತಲ್ಲ. ಕೊಯ್ಲು ಮುಗಿದ ಮೇಲೆ ಅದೇ ಬಾಗಿಲನ್ನು ಭರತಕ್ಕೆ ತೆರೆಯುತ್ತಿದ್ದರು. ಉಪ್ಪು ನೀರಿನೊಂದಿಗೆ ಶೆಟ್ಲಿ ಮರಿ, ಮೀನಿನ ಮರಿ, ಏಡಿ ಎಲ್ಲ ಒಳಗೆ ಬಂದು, ಕೊಳೆಯುವ ಕಗ್ಗದ ಹುಲ್ಲನ್ನೂ ಅದರಲ್ಲಿ ಹುಟ್ಟುವ ಹುಳವನ್ನೂ ತಿಂದು ಕೊಬ್ಬುತ್ತಿದ್ದವು. ಇಳಿತಕ್ಕೆ ಬಾಗಿಲ ಬಾಯಿಗೆ ಚೀಲದಂಥ ಬಲೆ ಕಟ್ಟಿದರೆ ಆಯಿತು. ಆ ಬಲೆಯ ಹಕ್ಕನ್ನು ಊರವರು ಸವಾಲು ಹಾಕುತ್ತಿದ್ದರು. ಬಂದ ದುಡ್ಡು ಕಟ್ಟೆಗೆ ಮತ್ತು ದೇವಸ್ಥಾನಕ್ಕೆ. ಭತ್ತದ ಹುಲ್ಲು ಮೀನಿಗೆ, ಮೀನಿನ ಹೇಲು ಭತ್ತಕ್ಕೆ. ಇದಕ್ಕೆ ಈಗ ಏನೇನೋ ಹೆಸರಿದೆ.

ಬಾಗಿಲಿಗೆ ನಮ್ಮಲ್ಲಿ ಜಂತ್ರಡಿ ಎನ್ನುತ್ತಾರೆ. ಅದರಲ್ಲಿ ಜಂತ್ರ ಏನೂ ಇಲ್ಲ. ಎರಡು ಕಡೆ ಕಚ್ಚು ಕೊರೆದ ಕಂಬ, ಅದರೊಳಗೆ ಒಂದರ ಮೇಲೊಂದು ಇಳಿಬಿಡುವ ಹಲಗೆಗಳು. ಅಂಥ ಎರಡು ಸಾಲು, ನಡುವೆ ಜೇಡಿಮಣ್ಣು. ಯಾವ ಹಲಗೆ ಎಷ್ಟು ಎತ್ತಬೇಕೆಂಬುದು ತಿಥಿಯ ಲೆಕ್ಕ. ಅಷ್ಟಮಿಯ ಆಸುಪಾಸು ಭರತ ಸಪ್ಪೆ, ಹುಣ್ಣಿಮೆ ಅಮಾಸೆಗೆ ಖಾರ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ಪಂಚಾಂಗ ಬಾಯಲ್ಲಿತ್ತು.

ಇನ್ನು ಇತಿಹಾಸ. ನಮ್ಮ ಹೊಳೆಯ ಇತಿಹಾಸ ಎಂದು ಪುಸ್ತಕ ತೆರೆದರೆ ಕಾಳುಮೆಣಸು. ಮಿರ್ಜಾನ ಕೋಟೆ ಇದೇ ಹೊಳೆಯ ದಡದಲ್ಲಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಟಿಪ್ಪು ಬಿದ್ದ ಮೇಲೆ 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಹಾದುಹೋದ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಅದೇ ಕಾಲಕ್ಕೆ ಧಾರವಾಡದ ಹತ್ತಿ ಘಟ್ಟ ಇಳಿದು ಬಂದು ಕುಮಟಾ ಬಂದರದಲ್ಲಿ ಹಡಗು ಹತ್ತಿ, ಕುಮಟಾ ಹತ್ತಿ ಎಂದೇ ದೂರದ ಪೇಟೆಯಲ್ಲಿ ಹೆಸರಾಯಿತು, ಕುಮಟೆಯಲ್ಲಿ ಒಂದು ಹತ್ತಿ ಗಿಡ ಇಲ್ಲದಿದ್ದರೂ. ಮೆಣಸು ಹೊತ್ತವರು, ಹತ್ತಿ ಅಂಡಿಗೆ ಇಳಿಸಿದವರು ಮಧ್ಯಾಹ್ನ ಏನು ಉಂಡರೋ ಯಾರೂ ಬರೆದಿಡಲಿಲ್ಲ. ಕಗ್ಗದ ಗಂಜಿಯೇ ಇರಬೇಕೆಂದು ನನ್ನ ಅಂದಾಜು. ಹಡಗು ಹತ್ತಿದ್ದಕ್ಕೆ ಲೆಕ್ಕ ಇರುತ್ತದೆ, ಹೊಟ್ಟೆ ಸೇರಿದ್ದಕ್ಕೆ ಇರುವುದಿಲ್ಲ.

ಉಪ್ಪಿಗೆ ಮಾತ್ರ ಲೆಕ್ಕ ಇತ್ತು, ಯಾಕೆಂದರೆ ಅದರ ಮೇಲೆ ಕರ ಇತ್ತು. ಇದೇ ಹೊಳೆಯ ಆಚೆ ದಡದ ಸಾಣಿಕಟ್ಟೆಯಲ್ಲಿ ಇವತ್ತಿಗೂ ಉಪ್ಪಿನ ಆಗರಗಳಿವೆ. ನಾವು ಭರತದ ನೀರನ್ನು ಹೊರಗೆ ನಿಲ್ಲಿಸಿ ಭತ್ತ ಬೆಳೆದೆವು, ಅವರು ಅದನ್ನೇ ಒಳಗೆ ಬಿಟ್ಟುಕೊಂಡು ಉಪ್ಪು ಬೆಳೆದರು; ಎರಡಕ್ಕೂ ಬೇಕಾದದ್ದು ಕಟ್ಟೆ ಕಟ್ಟುವ ಕೈ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದಾಗ, ಸಮುದ್ರದ ನೀರನ್ನು ಉಪ್ಪು ಮಾಡುವುದನ್ನು ಈ ಕರಾವಳಿಯ ಜನರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಟ್ಟೆ ಕಟ್ಟುವ ರೀತಿ ಹೀಗಿತ್ತು. ವೈಶಾಖದಲ್ಲಿ ಒಂದು ದಿನ ದೇವಸ್ಥಾನದ ಅಂಗಳದಲ್ಲಿ ಊರು ಕೂಡುವುದು. ಯಾರಿಗೆ ಎಷ್ಟು ಗದ್ದೆಯೋ ಅಷ್ಟು ಮಾರು ಕಟ್ಟೆ. ನಮಗೆ ಹದಿನಾಲ್ಕು ಮಾರು ಬರುತ್ತಿತ್ತು. ಹೊಳೆಯ ಕೆಸರನ್ನೇ ದೋಣಿಯಲ್ಲಿ ತಂದು, ಕಾಂಡ್ಲಾ ಗೂಟ ಬಡಿದು, ಟೊಂಗೆ ಹೆಣೆದು, ಪದರಪದರವಾಗಿ ಹಾಕಿ ತುಳಿಯುವುದು. ಮಕ್ಕಳ ಪಾಲಿಗೆ ತುಳಿಯುವ ಕೆಲಸ. ನಮಗೆ ಅದು ಆಟ. ಕಟ್ಟೆಯ ಹೊರಮೈಗೆ ಕಾಂಡ್ಲಾ ಗಿಡಗಳನ್ನು ಹಾಗೆಯೇ ಬಿಟ್ಟಿರುತ್ತಿದ್ದರು, ಅವುಗಳ ಬೇರಿನ ಜಾಲಕ್ಕೆ ಸಿಕ್ಕಿ ತೆರೆಯ ಹೊಡೆತ ಮೆತ್ತಗಾಗುತ್ತಿತ್ತು. ಸೌದೆಗೆ, ಗೂಟಕ್ಕೆ ಕಡಿಯುವವರೂ ಇದ್ದರು, ಆದರೆ ಕಟ್ಟೆಯ ಮುಂದಿನದನ್ನು ಕಡಿದವನಿಗೆ ಕೂಡಿದ ಊರಿನೆದುರು ದೇವರಿಗೆ ತಪ್ಪುಕಾಯಿ. ಕೆಲಸಕ್ಕೆ ಬಾರದ ಮನೆಗೂ ಅದೇ.

ಇಷ್ಟೆಲ್ಲ ಮಾಡಿದರೂ ಕಟ್ಟೆ ಒಡೆಯುತ್ತಿತ್ತು. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಎಲ್ಲಾದರೊಂದು ಕಡೆ ಬಾಯಿ ಬಿಡುವುದು, ರಾತ್ರೋರಾತ್ರಿ ಕೂಗು, ಗಂಡಸರು ಹೆಂಗಸರು ಬುಟ್ಟಿ ಹಿಡಿದು ಓಟ. ಅದನ್ನು ನೆನೆಸಿಕೊಂಡು ಕಣ್ಣೀರು ಹಾಕುವಂಥ ಸುಖದ ಕಾಲ ಅದಾಗಿರಲಿಲ್ಲ. ಗದ್ದೆ ನಮ್ಮದೂ ಅಲ್ಲ, ದಣಿಯದು. ಬೆಳೆದದ್ದರಲ್ಲಿ ಗೇಣಿ ಅಳೆದುಕೊಟ್ಟು ಉಳಿದದ್ದು ನಮ್ಮದು. ಗೇಣಿ ಅಳೆಯುವ ಕೊಳಗವೇ ಬೇರೆ, ಕೂಲಿ ಅಳೆಯುವ ಕೊಳಗವೇ ಬೇರೆ ಎಂದು ಅಜ್ಜಿ ಹೇಳುತ್ತಿದ್ದಳು. ಇದರ ವಿರುದ್ಧ ದಿನಕರ ದೇಸಾಯಿಯವರು ಈ ಜಿಲ್ಲೆಯ ಗೇಣಿದಾರರನ್ನು ಒಟ್ಟುಗೂಡಿಸಿ, ಬ್ರಿಟಿಷ್ ಸರಕಾರದಿಂದ ಗಡಿಪಾರಾದದ್ದು ನಮ್ಮ ಜನರಿಗೆ ಅವರ ಚುಟುಕಕ್ಕಿಂತ ಚೆನ್ನಾಗಿ ನೆನಪಿದೆ. ದಣಿಗೆ ಒಂದು ಮಾತ್ರ ಚೆನ್ನಾಗಿ ಗೊತ್ತಿತ್ತು: ಕಟ್ಟೆ ಒಡೆದರೆ ಗೇಣಿಯೂ ಇಲ್ಲ. ಹಾಗಾಗಿ ವೈಶಾಖದಲ್ಲಿ ಕಟ್ಟೆಯ ಕೆಲಸದವರಿಗೆ ಅಕ್ಕಿ, ಬೆಲ್ಲ ಆ ಮನೆಯಿಂದ ಬರುತ್ತಿತ್ತು.

1974ರ ತಿದ್ದುಪಡಿ ಬಂತು, ಉಳುವವನೇ ಒಡೆಯ ಎಂದಾಯಿತು. ಅಪ್ಪ ಡಿಕ್ಲರೇಶನ್ ಹಾಕಿದ. ಏಳನೇ ನಂಬರಿನ ಆ ಅರ್ಜಿಯನ್ನು ತುಂಬಿದವಳು ನಾನು, ಶಾಲೆಯ ನೀಲಿ ಶಾಯಿಯಲ್ಲಿ. ಗದ್ದೆ ನಮ್ಮದಾದ ದಿನ ಅವ್ವ ಪಾಯಸ ಮಾಡಿದಳು. ಕಟ್ಟೆ ಯಾರದ್ದಾಯಿತು ಎಂದು ಆವತ್ತು ಯಾರೂ ಕೇಳಲಿಲ್ಲ.

ಉತ್ತರ ಸರಕಾರದ ಬಳಿ ಇತ್ತು. ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗಲೇ, 1948ರಲ್ಲಿ, ಖಾರ್‌ಲ್ಯಾಂಡ್ ಕಾಯಿದೆ ಎಂಬುದೊಂದು ಬಂದಿತ್ತು: ಉಪ್ಪು ನೀರು ನುಗ್ಗುವ ನೆಲಕ್ಕೆ ಒಡ್ಡು ಹಾಕಿ ಬೇಸಾಯಕ್ಕೆ ತರುವುದಕ್ಕೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದರೂ ಆ ಹೆಸರು ಇಲ್ಲೇ ಉಳಿಯಿತು. ಇವತ್ತಿಗೂ ದೊಡ್ಡ ಒಡ್ಡಿಗೆ ಜನ ಹೇಳುವುದು ಖಾರ್‌ಲ್ಯಾಂಡ್ ಬಂಡ್ ಎಂದೇ. ಎಪ್ಪತ್ತರ ದಶಕದಲ್ಲಿ ನಮ್ಮ ಹೊಳೆಗೂ ಅದು ಬಂತು. ಕಾಯಂ ಕಟ್ಟೆ. ಒಳಗೆ ಮಣ್ಣು, ಹೊರಮೈಗೆ ಚಿರೆಕಲ್ಲು. ನೇರ ಗೆರೆ ಎಳೆದಂತೆ ಕಟ್ಟಬೇಕಲ್ಲ, ಗೆರೆಗೆ ಅಡ್ಡ ಬಂದ ಕಾಂಡ್ಲಾ ಎಲ್ಲ ಹೋಯಿತು. ನಾವೇ ಕಡಿದದ್ದು, ಕೂಲಿಗೆ. ಮೊದಲ ವರ್ಷ ಅಪ್ಪ ಶ್ರಾವಣದ ಅಮಾಸೆಗೂ ಮನೆಯಲ್ಲೇ ಮಲಗಿದ. ನಿದ್ದೆ ಬರಲಿಲ್ಲವಂತೆ.

ಕಾಯಂ ಕಟ್ಟೆ ಬೇಡವಾಗಿತ್ತು ಎಂದು ನಾನು ಹೇಳಲಾರೆ. ನಡುರಾತ್ರಿ ಎದೆಯುದ್ದ ನೀರಿನಲ್ಲಿ ಮಣ್ಣಿನ ಬುಟ್ಟಿ ಹೊತ್ತವರ ಮನೆಯವಳು ನಾನು. ಆದರೆ ಆ ಕಟ್ಟೆಯ ಜೊತೆಗೆ ಏನೇನು ಹೋಯಿತೆಂದು ತಿಳಿಯಲು ಹತ್ತಾರು ವರ್ಷ ಬೇಕಾಯಿತು. ವೈಶಾಖದ ಕೂಟ ನಿಂತಿತು, ಕಟ್ಟುವುದೇ ಇಲ್ಲವಲ್ಲ. ಮಾರಿನ ಲೆಕ್ಕ ಮರೆಯಿತು. ಜಂತ್ರಡಿಯ ಹಲಗೆ ಕೊಳೆತರೆ ಪಂಚಾಯತಿಗೆ ಅರ್ಜಿ, ಅಲ್ಲಿಂದ ಇಲಾಖೆಗೆ. ಭರತ ಅರ್ಜಿಗೆ ಕಾಯುವುದಿಲ್ಲ. ಏಡಿಗಳೋ, ಅವು ತಮ್ಮ ಕೆಲಸ ಬಿಟ್ಟಿರಲಿಲ್ಲ. ಕಲ್ಲಿನ ಸಂದಿಯಲ್ಲಿ ನುಗ್ಗಿ ಒಳಗಿನ ಮಣ್ಣನ್ನು ಕೊರೆಯುತ್ತಲೇ ಇದ್ದವು. ಮಣ್ಣಿನ ಕಟ್ಟೆಯಲ್ಲಾದರೆ ಬಿಲ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಈಗ ಅದರ ಮೇಲೆ ಕಲ್ಲು ಮುಚ್ಚಿತ್ತು. ಕಟ್ಟೆ ಹೊರಗಿನಿಂದ ನೋಡಲಿಕ್ಕೆ ಅಚ್ಚುಕಟ್ಟು, ಒಳಗೆ ಟೊಳ್ಳು. ಕುಸಿದಾಗ ಹತ್ತು ಮಾರು ಒಮ್ಮೆಗೇ ಕುಸಿಯಿತು. ಆ ವರ್ಷ ಬುಟ್ಟಿ ಹಿಡಿದು ಓಡಿದವರು ಮೂರೇ ಮನೆಯವರು.

ಆಮೇಲಿನದು ಶೆಟ್ಲಿಯ ಕತೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊರದೇಶಕ್ಕೆ ಹೋಗುವ ಹುಲಿ ಸಿಗಡಿಗೆ ಬಂಗಾರದ ಬೆಲೆ. ಗಜನಿಯನ್ನು ಗುತ್ತಿಗೆಗೆ ಕೇಳಿಕೊಂಡು ಜನ ಬಂದರು. ಕಗ್ಗ ಬೆಳೆದು ನಾಲ್ಕು ತಿಂಗಳು ಬೆನ್ನು ಮುರಿದುಕೊಂಡರೂ ಸಿಗದ ದುಡ್ಡು ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿದರೆ ಸಿಗುತ್ತಿತ್ತು, ಅಣ್ಣನೂ ಹಾಕಿದ. ನಮ್ಮ ಪಾಲನ್ನು ಹಿಡಿದ ಗುತ್ತಿಗೆದಾರನಿಗೆ ವರ್ಷಪೂರ್ತಿ ಉಪ್ಪು ನೀರು ಬೇಕು. ಮಳೆಗಾಲದಲ್ಲೂ ಜಂತ್ರಡಿ ತೆರೆದಿಟ್ಟ. ಹಾಳಿಯಿಲ್ಲದ ಗಜನಿಯಲ್ಲಿ ಒಬ್ಬನ ಪಾಲಿಗೆ ಉಪ್ಪು ಬಂದರೆ ಎಲ್ಲರ ಪಾಲಿಗೂ ಬಂದಂತೆ. ಎರಡು ವರ್ಷ ಬಿತ್ತದೆ ಬಿಟ್ಟವರ ಮನೆಯಲ್ಲಿ ಕಗ್ಗದ ಬೀಜ ಮುಗಿಯಿತು. ನಮ್ಮ ಮನೆಯ ಕೊನೆಯ ಮುಡಿಯನ್ನು ಅವ್ವ ಕುಚಲಕ್ಕಿ ಮಾಡಿ ಬೇಯಿಸಿಬಿಟ್ಟಳು. ಘಟ್ಟದ ಮೇಲಿನಿಂದ ರಜೆಗೆ ಬಂದ ನಾನೂ ಅದನ್ನು ಉಂಡೆ. ಕೊನೆಯದೆಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಉಣ್ಣುತ್ತಿದ್ದೆನೇನೋ.

ಆ ಬಂಗಾರವೂ ಬಾಳಲಿಲ್ಲ. 1994-95ರ ಹೊತ್ತಿಗೆ ದೇಶದ ಕರಾವಳಿಯಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಿತ್ತು, ಹೊಂಡಕ್ಕೆ ಹೊಂಡವೇ ಮೂರು ದಿನದಲ್ಲಿ ಸತ್ತು ತೇಲಿತು. 1996ರ ಡಿಸೆಂಬರ್ 11ರಂದು, ತಮಿಳುನಾಡಿನ ಸರ್ವೋದಯದ ಹಿರಿಯ ಎಸ್. ಜಗನ್ನಾಥನ್ ಅವರು ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: 1991ರ ಕರಾವಳಿ ನಿಯಂತ್ರಣ ವಲಯದೊಳಗೆ ಕೈಗಾರಿಕೆಯಂತೆ ನಡೆಸುವ ಸಿಗಡಿ ಹೊಂಡ ಕೂಡದು, ಹಿಂದಿನಿಂದ ನಡೆದುಬಂದ ರೀತಿಯದಕ್ಕೆ ಅಡ್ಡಿಯಿಲ್ಲ. ಗುತ್ತಿಗೆಯವರು ಒಬ್ಬೊಬ್ಬರಾಗಿ ಜಾಗ ಬಿಟ್ಟರು. ಹಿಂದಿನಿಂದ ನಡೆದುಬಂದ ರೀತಿ ಬಲ್ಲವರು ಅಷ್ಟರಲ್ಲಿ ಮುದುಕರಾಗಿದ್ದರು.

ಹಾಳು ಬಿದ್ದ ಗಜನಿಯಲ್ಲಿ ಏನಾಯಿತೆಂದರೆ ಕಾಂಡ್ಲಾ ಬಂತು. ಯಾರೂ ನೆಡಲಿಲ್ಲ. ಕಾಂಡ್ಲಾದ ಕಾಯಿ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತಾಡಿ, ಮಳೆಗಾಲದಲ್ಲಿ ಕಳಚಿ ಬೀಳುತ್ತದೆ; ಇಳಿತವಿದ್ದರೆ ಬಿದ್ದಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ, ಭರತವಿದ್ದರೆ ತೇಲಿ ಹೋಗಿ ಮತ್ತೆಲ್ಲೋ ನಿಲ್ಲುತ್ತದೆ. ಒಡೆದ ಕಟ್ಟೆಯೊಳಗೆ ತೇಲಿಬಂದದ್ದು ಹಾಗೆ. ನಾನು ನಿವೃತ್ತಳಾಗಿ ಊರಿಗೆ ಬಂದು ನೋಡಿದರೆ ನಮ್ಮ ಹದಿನಾಲ್ಕು ಮಾರಿನ ಕಟ್ಟೆ ಇದ್ದಲ್ಲಿ ಆಳೆತ್ತರದ ಕಾಡು, ಅದರೊಳಗೆ ಬೆಳ್ಳಕ್ಕಿ. ಸಂತೋಷ ಪಡಬೇಕೋ ಅಳಬೇಕೋ ತಿಳಿಯದೆ ಕಟ್ಟೆಯ ಕಲ್ಲಿನ ಮೇಲೆ ಕೂತೆ.

ಹೊಳೆಗೆ ಕಾಂಡ್ಲಾ ಬೇಕು. ಅರಣ್ಯ ಇಲಾಖೆಯವರು ಎಷ್ಟೋ ವರ್ಷಗಳಿಂದ ಅಘನಾಶಿನಿಯ ದಂಡೆಯಲ್ಲಿ ನೆಡುತ್ತ ಬಂದದ್ದರಿಂದ ಬೋಳಾಗಿದ್ದ ಎಷ್ಟೋ ಕಡೆ ಹಸಿರಾಗಿದೆ, ಅದರ ಕಾಯಿ ಆರಿಸಿ ಕೂಲಿ ಪಡೆದ ಮನೆಗಳು ನಮ್ಮ ಕೇರಿಯಲ್ಲೇ ಇವೆ. ಆದರೆ ಹಸಿರು ಕಾಣದ ನೆಲವೆಲ್ಲ ಖಾಲಿ ನೆಲ ಎಂದು ತಿಳಿಯುವ ಕಣ್ಣು ಒಂದಿದೆ, ಅದು ನನಗೆ ಹೆದರಿಕೆ. ಒಂದು ಸಲ ಇಂಥವರೇ ಕೆಲವರು ಹುರುಪಿನಿಂದ ಸಸಿ ನೆಡಲು ಬಂದು, ಇಳಿತಕ್ಕೆ ಕಾಣಿಸುವ ಕೆಸರು ಬಯಲಿನಲ್ಲಿ ಹಗ್ಗ ಹಿಡಿದು ಸಾಲು ಗುರುತು ಮಾಡುತ್ತಿದ್ದರು. ಬಳಚು ತೆಗೆಯಲು ಬಂದ ಅಂಬಿಗರ ಹೆಂಗಸೊಬ್ಬಳು ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ನೋಡಿದಳು, ನೋಡಿ ನನ್ನತ್ತ ತಿರುಗಿ ಹೇಳಿದಳು: "ಅಕ್ಕೋರೆ, ಇವ್ರು ನಮ್ಮ ಅಂಗಡಿ ಒಳಗೇ ಗಿಡ ನೆಡ್ತಾರಲೇ!"

ಅಂಗಡಿಯೇ ಅದು. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡದವರು ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ 22 ಸಾವಿರ ಟನ್ನಿನಷ್ಟು ಚಿಪ್ಪಿನ ಪ್ರಾಣಿಗಳನ್ನು ತೆಗೆಯುತ್ತಿದ್ದರು, 2 ಸಾವಿರಕ್ಕೂ ಹೆಚ್ಚು ಜನಕ್ಕೆ ಅದರಿಂದ ನೇರ ದುಡಿಮೆ. ಹೆಚ್ಚಿನವು ಬಳಚು. ಗೋವೆಗೂ ಹೋಗುತ್ತವೆ. ಬಳಚಿಗೆ ಬೇಕಾದದ್ದು ತೆರೆದ ಕೆಸರು ಮರಳು, ಅತ್ತ ಪೂರ್ತಿ ಸಿಹಿಯೂ ಅಲ್ಲದ ಇತ್ತ ಪೂರ್ತಿ ಉಪ್ಪೂ ಅಲ್ಲದ ನೀರು, ಅದೂ ಋತುವಿಗೆ ತಕ್ಕಂತೆ ಬದಲಾಗುವ ನೀರು. ಇದು ತಪ್ಪಿದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ಹೊನ್ನಾವರದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು. ವಿದ್ಯುತ್ತು ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಅಲ್ಲಿಯ ಅಳಿವೆ ವರ್ಷಪೂರ್ತಿ ಸಪ್ಪೆ, ಬಳಚು ಅಲ್ಲಿ ಅಪರೂಪ. ಹೊನ್ನಾವರಕ್ಕೆ ಮದುವೆಯಾಗಿ ಹೋದ ನನ್ನ ಚಿಕ್ಕಮ್ಮ ತವರಿಗೆ ಬಂದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಬಳಚಿನ ಸುಕ್ಕ. ನಾವು ಅದನ್ನು ತವರಿನ ಆಸೆ ಎಂದುಕೊಂಡಿದ್ದೆವು.

ನಮ್ಮ ಹೊಳೆಯ ಮೇಲೂ ಕಣ್ಣು ಬೀಳದೆ ಇಲ್ಲ. ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬರುತ್ತದೆಂದಾಯಿತು, ಜನ ಎದ್ದು ನಿಂತ ಮೇಲೆ ಹೋಯಿತು. ಬಂದರಿನ ಮಾತು ಬಂತು. ಈಗ ನೀರನ್ನೇ ವೇದಾವತಿಗೆ ತಿರುಗಿಸುವ ಮಾತು. ಇದರ ನಡುವೆ 2024ರ ಜನವರಿ 31ರಂದು ಅಘನಾಶಿನಿ ಅಳಿವೆ, 4,801 ಹೆಕ್ಟೇರ್, ರಾಮ್ಸಾರ್ ಪಟ್ಟಿಗೆ ಸೇರಿತು, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆಗೆ. ಕೆಸರಿಗೆ ಇಂಗಾಲ ಹಿಡಿದಿಡುವ ಗುಣ ಇದೆಯೆಂದು, ಕಾಂಡ್ಲಾ ಬುಡದ ಕೆಸರು ಗಟ್ಟಿನೆಲದ ಕಾಡಿಗಿಂತ ಹೆಚ್ಚು ಹಿಡಿದಿಡುತ್ತದೆಂದು ನಮ್ಮೂರಿನ ಸಭೆಯಲ್ಲಿ ಒಬ್ಬರು ವಿವರಿಸಿದರು. ಹಿಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಎದ್ದು, ಅದೆಲ್ಲ ಸರಿ, ಜಂತ್ರಡಿಯ ಹಲಗೆ ಯಾವಾಗ ಹಾಕಿಸಿಕೊಡುತ್ತೀರಿ ಎಂದು ಕೇಳಿದರು. ಸಭೆ ನಕ್ಕಿತು. ನನಗೆ ಆ ದಿನದ ಒಳ್ಳೆಯ ಮಾತು ಅದೇ ಅನ್ನಿಸಿತು.

ಮಾಣಿಕಟ್ಟೆಯ ರೈತರು ಕಗ್ಗವನ್ನು ಕೈಬಿಡಲಿಲ್ಲ. ಕೂಡಿಯೇ ಬಿತ್ತಿ ಕೂಡಿಯೇ ಕಟ್ಟೆ ಕಾಯುವ ರೂಢಿಯನ್ನು ಅವರು ಉಳಿಸಿಕೊಂಡರು, ಹಾಗಾಗಿ ಬೀಜವೂ ಉಳಿಯಿತು. ನಮ್ಮ ಕಡೆಯ ನಾಲ್ಕು ಮನೆಯವರು ಹೋದ ವರ್ಷ ಅಲ್ಲಿಂದ ಎರಡು ಮುಡಿ ತಂದರು. ಕಾಂಡ್ಲಾ ಬೆಳೆದ ಪಾಲನ್ನು ಹಾಗೇ ಬಿಟ್ಟು, ಅದರ ಒಳಗಡೆ, ಇನ್ನೂ ಬಯಲಾಗಿರುವ ತುಂಡಿಗೆ ಮಣ್ಣಿನ ಗಿಡ್ಡ ಕಟ್ಟೆ ಹಾಕಿದರು. ಎಷ್ಟು ಮನೆ, ಎಷ್ಟು ಮಾರು ಎಂದು ಲೆಕ್ಕ ಹಾಕುವಾಗ ನನ್ನನ್ನು ಕರೆದರು, ಹಳೆಯ ಲೆಕ್ಕ ನೆನಪಿದೆಯೇ ಎಂದು. ನಮ್ಮ ಹದಿನಾಲ್ಕು ಬಿಟ್ಟರೆ ಬೇರೆ ಯಾರದ್ದೂ ನೆನಪಿರಲಿಲ್ಲ.

ಆಷಾಢದಲ್ಲಿ ಅಣ್ಣನ ಮೊಮ್ಮಗನೊಂದಿಗೆ ಕಟ್ಟೆಗೆ ಹೋದೆ. ಕುಮಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಹುಡುಗ. ಭರತ ಏರುತ್ತಿತ್ತು. ನಾನು ಬಗ್ಗಿ ಬಗ್ಗಿ ನಡೆಯುವುದನ್ನು ನೋಡಿ, ಏನಾದರೂ ಬಿತ್ತೇ ಅಜ್ಜಿ ಎಂದ. ಸುಮ್ಮನಿರು ಎಂದೆ. ಎರಡು ಕಡೆ ಕೇಳಿಸಿತು, ಒಂದು ಕಡೆ ಗಾಳಿ, ಇನ್ನೊಂದು ಕಡೆ ಅದೇ ಸುಂಯ್. ಹುಡುಗ ಪ್ಯಾಂಟು ಮಡಚಿ, ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, ಬಿಲದೊಳಗೆ ಮೊಣಕೈವರೆಗೆ ಕೈ ಹಾಕಿದ. "ಇನ್ನೂ ಒಳಗೆ" ಎಂದೆ. ಭುಜದವರೆಗೆ ಹೋಯಿತು. ಮರುಕ್ಷಣ ಕೂಗಿಕೊಂಡು ಕೈ ಎಳೆದ, ಬೆರಳ ತುದಿಯಲ್ಲಿ ಏಡಿ ನೇತಾಡುತ್ತಿತ್ತು, ಒಳ್ಳೆಯ ಗಾತ್ರದ್ದು. ಬಿಡಿಸಿಕೊಂಡು ಅದನ್ನು ಹೊಳೆಗೆ ಎಸೆಯಲು ಹೋದವನನ್ನು ತಡೆದೆ. ರಾತ್ರಿ ಸಾರಿಗಾಯಿತು. ಮೊದಲು ಬಿಲಕ್ಕೆ ಮಣ್ಣು ಹಾಕಿಸಿದೆ.